ಒಂದೇ ಕಡ್ಡಾಯ ಪಾಠದ ಕಾಲೇಜು

ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನಲ್ಲಿ ಈಚೆಗೆ ಪದವಿ ಮುಗಿಸಿದೆ. ತುಮಕೂರಿಗೆ ಬಂದಾಗಿನಿಂದ ನೆಂಟರು ಕೇಳುತ್ತಿರುವುದು ಒಂದೇ: ‘ಕಂಪ್ಯೂಟರ್ ಓದಲು ಹೋದವಳು ಬಿ.ಎ. ಮಾಡಿಕೊಂಡು ಬಂದೆಯೇನಮ್ಮಾ?’ ಹೌದು, ಮಾವ. ಅಲ್ಲಿ ಕೊಡುವುದೇ ಬಿ.ಎ. ಪದವಿ, ರಸಾಯನಶಾಸ್ತ್ರ ಓದಿದವರಿಗೂ ಅದೇ. ಇಂಟೆಲ್ ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಅದೇ ಕಾಲೇಜಿನಿಂದ ಬಿ.ಎ. ಪಡೆದರು ಎಂದ ಮೇಲೆ ಮಾವ ಸ್ವಲ್ಪ ಮೆತ್ತಗಾದರು.

ಪಿಯು ಸೇರುವಾಗಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಹಣೆಬರಹ ಬರೆಸಿಕೊಳ್ಳುವ ನಮಗೆ ಅಲ್ಲಿಯ ವ್ಯವಸ್ಥೆ ನಂಬಲು ಕಷ್ಟ. ಎಲ್ಲರಿಗೂ ಕಡ್ಡಾಯವಾದ ಪಾಠ ಒಂದೇ: ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಹತ್ತು ಹದಿನೈದು ಜನ ಒಂದು ವಿಷಯ ಹಿಡಿದು ಓದುವುದು, ಬರೆಯುವುದು, ವಾದಿಸುವುದು. ಮುಖ್ಯ ವಿಷಯವನ್ನು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಗೊತ್ತುಮಾಡಿದರೆ ಸಾಕು. ಆ ವಿಷಯ ಕೇಳುವ ಪಾಠಗಳನ್ನು ಬಿಟ್ಟರೆ ಪದವಿಗೆ ಬೇಕಾದ 124 ಕ್ರೆಡಿಟ್‌ಗಳನ್ನು ಹೇಗೆ ತುಂಬಿಕೊಳ್ಳುವುದೆಂಬುದು ವಿದ್ಯಾರ್ಥಿಗೇ ಬಿಟ್ಟದ್ದು.

ಬಿಟ್ಟದ್ದು ಎಂದೆ, ಪೂರ್ತಿ ಬಿಡುವುದಿಲ್ಲ. ಮುಖ್ಯ ವಿಷಯ ಗೊತ್ತಾಗುವ ತನಕ ಟ್ಯುಟೋರಿಯಲ್ ಕಲಿಸಿದ ಪ್ರಾಧ್ಯಾಪಕರೇ ಸಲಹೆಗಾರರು. ಅವರು ಒಪ್ಪದೆ ನೋಂದಣಿ ಮುಂದೆ ಹೋಗದು. ಮೂರು ಗಣಿತ, ಒಂದು ಕಂಪ್ಯೂಟರ್ ಎಂದು ಬರೆದುಕೊಂಡು ಹೋದ ನನ್ನನ್ನು ಅವರು ಕೇಳಿದರು: ‘ಇದು ಯಾರ ಪಟ್ಟಿ? ನಿನ್ನದೋ, ನಿಮ್ಮ ಮನೆಯವರದೋ?’ ಬೈದಿದ್ದರೆ ವಾಸಿಯಿತ್ತು. ಅರ್ಧ ಗಂಟೆ ವಾದ ಮಾಡಿ ಒಂದು ಗಣಿತ ಬಿಟ್ಟು ಧರ್ಮ ಅಧ್ಯಯನದ ಒಂದು ಪಾಠ ತೆಗೆದುಕೊಂಡೆ. ಕೊನೆಗೆ ಅದು ನನ್ನ ಎರಡನೆಯ ಮುಖ್ಯ ವಿಷಯವಾಯಿತು. ನನ್ನ ಮಟ್ಟಿಗೆ ಈ ಕಾಲೇಜಿನ ನಿಜವಾದ ಸರಕು ಗ್ರಂಥಾಲಯವಲ್ಲ, ಹೊಸ ಕಟ್ಟಡಗಳಲ್ಲ. ಆ ಮೇಜಿನ ಆಚೆ ಕುಳಿತು ಜಗಳವಾಡುವ ಮನುಷ್ಯರು.

ತರಗತಿಯಲ್ಲಿ ಅಡಗಿಕೊಳ್ಳಲು ಹಿಂದಿನ ಬೆಂಚೇ ಇಲ್ಲ. ಓದದೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಂಪ್ಯೂಟರಿನ ಮೊದಲ ಪಾಠವನ್ನು ಸ್ಕೀಮ್ ಕುಟುಂಬದ, ಅಂದರೆ ಸಾಲುಸಾಲಿಗೂ ಆವರಣ ಚಿಹ್ನೆಗಳು ತುಂಬಿರುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಇಬ್ಬಿಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಕಲಿಯಬೇಕು. ಊರಲ್ಲಿ ಸಿ ಭಾಷೆ ಕಲಿತು ಬಂದಿದ್ದೇನೆಂಬ ನನ್ನ ಜಂಬಕ್ಕೆ ಬೆಲೆಯೇ ಇರಲಿಲ್ಲ. ಆವರಣಗಳ ಕಾಡಿನಲ್ಲಿ ಎಲ್ಲರೂ ಒಂದೇ.

ಗ್ರಿನೆಲ್ ಊರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಸಾವಿರವೂ ಮುಟ್ಟದ ಜನಸಂಖ್ಯೆ, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲ, ಚಳಿಗಾಲದಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೂ ಇಳಿಯುವ ಶೀತ. ದೊಡ್ಡ ನಗರವೆಂದರೆ ಸುಮಾರು 90 ಕಿ.ಮೀ. ದೂರದ ಡೆ ಮೊಯಿನ್. ಸಾರಿನ ಪುಡಿ ಮನೆಯಿಂದಲೇ ಒಯ್ಯಿರಿ. ವಾಸ್ತುಶಿಲ್ಪಿ ಲೂಯಿ ಸಲಿವನ್ 1914ರಲ್ಲಿ ಕಟ್ಟಿದ ಪುಟ್ಟ ಬ್ಯಾಂಕ್ ಕಟ್ಟಡವನ್ನು ಮಾತ್ರ ನೋಡದೆ ಬರಬೇಡಿ.

ಈಗ ಯಾವ ಕಾಲೇಜಿನ ಕೈಯಲ್ಲೂ ಇಲ್ಲದ ಮಾತು. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಪದವಿಯ ನಂತರ ಅಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು; ವಿಜ್ಞಾನ, ತಂತ್ರಜ್ಞಾನ, ಗಣಿತದಂಥ ವಿಷಯದವರಿಗೆ ಇನ್ನೂ 24 ತಿಂಗಳು ವಿಸ್ತರಣೆ. ಏನು ಬೇಕಾದರೂ ಓದು ಎಂದು ಕಾಲೇಜು ಹೇಳುತ್ತದೆ, ಏನು ಓದಿದರೆ ಎಷ್ಟು ದಿನ ಇರಬಹುದೆಂದು ಸರ್ಕಾರ ಹೇಳುತ್ತದೆ. ಅಮೆರಿಕದ ಸಹಪಾಠಿ ಇತಿಹಾಸವೊಂದನ್ನೇ ಓದಿ ನಿಶ್ಚಿಂತೆಯಿಂದಿದ್ದಳು. ನಾನು ಧರ್ಮ ಅಧ್ಯಯನದ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡದ್ದು ಅರ್ಧ ಪ್ರೀತಿಯಿಂದ, ಅರ್ಧ ಲೆಕ್ಕಾಚಾರದಿಂದ.

ಅಲ್ಲಿಯಂತೆ ಕರ್ನಾಟಕದಲ್ಲೂ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮತ್ತೆ ಮೂರಕ್ಕೆ ಮರಳಿದರು. ಅದರ ಪರ ವಿರೋಧ ಮಾತಾಡುವವರೆಲ್ಲ ವರ್ಷಗಳನ್ನು ಎಣಿಸುತ್ತಾರೆ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು ಎಂದು ಎಣಿಸುವವರು ಕಡಿಮೆ.

ಖರ್ಚು: ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಪೂರ್ತಿ ಕೈಯಿಂದ ಕೊಡುವುದಾದರೆ ಬೇಡವೇ ಬೇಡ. ನಾನು ಹೋದದ್ದು ಆರ್ಥಿಕ ನೆರವಿನಿಂದ. ವಿದೇಶಿ ಅರ್ಜಿದಾರರ ಮಟ್ಟಿಗೆ ನೆರವಿನ ಅಗತ್ಯವನ್ನೂ ಪ್ರವೇಶ ನಿರ್ಧಾರದಲ್ಲಿ ತೂಗಿ ನೋಡುತ್ತಾರೆ. ಹಾಗಾಗಿ ಅರ್ಜಿಯ ಪ್ರಬಂಧಕ್ಕೆ ಕೂರುವ ಮೊದಲೇ ಅಪ್ಪ ಅಮ್ಮನ ಜತೆ ಕುಳಿತು ಆದಾಯದ ಕಾಗದಪತ್ರ ಜೋಡಿಸಿಕೊಳ್ಳಿ.