ಹಿತ್ತಿಲ ಮಣ್ಣಿಗೂ ಒಂದು ರಿಪೋರ್ಟ್: ಸಿಡ್ನಿಯ ವೆಜ್‌ಸೇಫ್

ಸಿಡ್ನಿಯ ಹಳೇ ಬಡಾವಣೆಗಳಲ್ಲಿ ಮನೆ ಮಾಡಿ, ಹಿತ್ತಿಲಲ್ಲಿ ಸೊಪ್ಪು ಹಾಕುವ ನಮ್ಮವರಿಗೆ ವೆಜ್‌ಸೇಫ್ ಅನ್ನೋ ಮಣ್ಣು ಪರೀಕ್ಷೆ ಯೋಜನೆ ಗೊತ್ತಿರಲಿ. ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2013ರಲ್ಲಿ ಶುರು ಮಾಡಿದ್ದು. ನಾವು ಮಣ್ಣು ಕಳಿಸಬೇಕು. ಸೀಸ, ಆರ್ಸೆನಿಕ್, ತಾಮ್ರ, ಸತು ಎಷ್ಟೆಷ್ಟಿದೆ ಅಂತ ಎಕ್ಸ್-ರೇ ಯಂತ್ರದಲ್ಲಿ ನೋಡಿ ಅವರು ರಿಪೋರ್ಟ್ ಕೊಡುತ್ತಾರೆ. ಖಾಸಗಿ ಲ್ಯಾಬಿನಂಥ ಬಿಲ್ ಇಲ್ಲ, ಸಣ್ಣ ದೇಣಿಗೆ ಕೊಟ್ಟರಾಯಿತು.

ನಮ್ಮದು ಮ್ಯಾರಿಕ್‌ವಿಲ್‌ನಲ್ಲಿ 1920ರ ದಶಕದ ಮನೆ. ಕಿಟಕಿ ಚೌಕಟ್ಟಿನ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಅದರ ಕೆಳಗೇ ನನ್ನ ಮೆಂತ್ಯದ ಪಾತಿ. "ಸೊಪ್ಪು ಇಷ್ಟು ಸೊಂಪಾಗಿ ಬಂದಿದೆ, ಮಣ್ಣಿಗೇನಮ್ಮಾ ಆಗಿದೆ?" ಅಂದರು ಅತ್ತೆ. ಸೀಸದ ಕಾಟವೇ ಅದು. ಗಿಡ ಬಾಡುವುದಿಲ್ಲ, ವಾಸನೆಯೂ ಇಲ್ಲ. 1970ಕ್ಕಿಂತ ಹಿಂದಿನ ಮನೆಗಳ ಬಣ್ಣದಲ್ಲಿ ಸೀಸ ಮಾಮೂಲಿ. ಸೀಸದ ಪೆಟ್ರೋಲ್ ಇಲ್ಲಿ ಪೂರ್ತಿ ನಿಂತಿದ್ದೇ 2002ರಲ್ಲಿ. ಅಷ್ಟು ವರ್ಷದ ಹೊಗೆ ಇನ್ನೆಲ್ಲಿಗೆ ಹೋಗುತ್ತದೆ? ಮೇಲ್ಮಣ್ಣಲ್ಲೇ ಕೂತಿದೆ.

ನನಗೆ ಹಿಡಿಸಿದ್ದು, ಬೇರೆ ಬೇರೆ ಜಾಗದ ಮಣ್ಣು ಕಳಿಸಬಹುದು ಅನ್ನೋದು. ಗೋಡೆ ಬುಡ, ಮುಂದಿನ ಅಂಗಳ, ಹಿಂದಿನ ಬೇಲಿ ಪಕ್ಕ, ಹೀಗೆ ಒಂದೊಂದು ಜಿಪ್ ಕವರಿಗೆ ತುಂಬಿ ಹೆಸರು ಬರೆದೆ. ಗೋಡೆ ಬುಡದಲ್ಲಿ ಕೆಜಿಗೆ 1,100 ಮಿಲಿಗ್ರಾಂ ಸೀಸ! ಬೇಲಿ ಪಕ್ಕ 160. ಇಲ್ಲಿ ಮನೆಗಳ ಮಣ್ಣಿಗೆ ಇಟ್ಟಿರುವ ಮಿತಿ 300. ಒಂದೇ ಹಿತ್ತಿಲು, ನಾಲ್ಕು ಹೆಜ್ಜೆ ಆಚೀಚೆ ಅಷ್ಟೇ. ನಾವೇನೂ ಅಪರೂಪದವರಲ್ಲ. ವೆಜ್‌ಸೇಫ್‌ನವರು 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದೇಶದ 3,600ಕ್ಕೂ ಜಾಸ್ತಿ ಮನೆಗಳಿದ್ದವು, ಅದರಲ್ಲಿ 35% ಮನೆಗಳು 300 ದಾಟಿದ್ದವು.

ಸುಮ್ನೆ ಹೆದರಿ ತೋಟಗಾರಿಕೆ ಬಿಡಬೇಕಿಲ್ಲ. ಗೋಡೆ ಪಕ್ಕ ತೊಗಟೆ ಚೂರು ದಪ್ಪಗೆ ಹಾಸಿ ಮಣ್ಣು ಮುಚ್ಚಿದೆವು. ಮೆಂತ್ಯ, ಹರಿವೆ, ಮೂಲಂಗಿ ಈಗ ಹೊಸ ಮಣ್ಣು ತುಂಬಿದ ಎತ್ತರದ ಮರದ ಪೆಟ್ಟಿಗೆಯಲ್ಲಿ. ಹೀರೆ, ಟೊಮೇಟೊ ಬೇಲಿ ಪಕ್ಕವೇ ಇವೆ. ಕಾಯಿಗೆ ಸೀಸ ಏರುವುದು ಕಡಿಮೆ. ಸೊಪ್ಪು, ಗೆಡ್ಡೆಗಾದರೆ ಮಣ್ಣೇ ಮೆತ್ತಿಕೊಂಡು ಬರುತ್ತದೆ ಅಲ್ವಾ? ಚಪ್ಪಲಿ ಹೊರಗೆ ಬಿಡುವ ಅಭ್ಯಾಸ ನಮಗೆ ಮೊದಲೇ ಇದೆ, ಧೂಳು ಒಳಗೆ ಬರದಂತೆ ಅದೂ ಒಳ್ಳೆಯದೇ.

ಇದು ಮಣ್ಣಿನ ಪರೀಕ್ಷೆ ಮಾತ್ರ. ಮಕ್ಕಳ ಮೈಗೆ ಸೀಸ ಸೇರಿದೆಯಾ ಅಂತ ತಿಳಿಯಲು ಡಾಕ್ಟರ ಹತ್ತಿರ ರಕ್ತ ಪರೀಕ್ಷೆಯೇ ಮಾಡಿಸಬೇಕು.

ಕೋಳಿ ಸಾಕುವ ಆಸೆ ಇದ್ದವರಂತೂ ಮೊದಲು ಮಣ್ಣು ಕಳಿಸಿ. ಸಿಡ್ನಿಯ ಹಿತ್ತಿಲ ಕೋಳಿಗಳ ಮೊಟ್ಟೆಯಲ್ಲಿ ಅಂಗಡಿ ಮೊಟ್ಟೆಗಿಂತ ಸರಾಸರಿ 40 ಪಟ್ಟು ಸೀಸ ಇತ್ತು ಅಂತ 2022ರ ಅಧ್ಯಯನ ಹೇಳುತ್ತದೆ. ಮೊಟ್ಟೆ ತಿನ್ನುವಂತಿರಬೇಕಾದರೆ ಮಣ್ಣಲ್ಲಿ ಸೀಸ 117ಕ್ಕಿಂತ ಕಡಿಮೆ ಇರಬೇಕಂತೆ. ನಮ್ಮ ಬೇಲಿ ಪಕ್ಕದ 160 ಹೀರೆಗೆ ಆಯಿತು, ಕೋಳಿಗೆ ಆಗಲಿಲ್ಲ. ಮೊಟ್ಟೆ ಅಂಗಡಿಯಿಂದಲೇ ತರುತ್ತಿದ್ದೇವೆ.