ಸೀಸನ್ ಅಲ್ಲದಾಗ ಚಳಿನಾಡಿನ ಕ್ರೂಸ್: ಮೇ ತಿಂಗಳಾ, ಸೆಪ್ಟೆಂಬರಾ, ಮಾರ್ಚಾ?

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮನೆಗಳು ಈಗ ಬೇಕಾದಷ್ಟಿವೆ. ಮಗಳ ಬಾಣಂತನಕ್ಕೆ ಹೋದವರು, ಮೊಮ್ಮಕ್ಕಳನ್ನು ನೋಡಲು ಹೋದವರು, "ಹೇಗೂ ಇಷ್ಟು ದೂರ ಬಂದಾಯ್ತು, ಅಲಾಸ್ಕಾ ಕ್ರೂಸ್ ಒಂದು ಮಾಡಿಬಿಡೋಣ" ಅನ್ನುತ್ತಾರೆ. ಜುಲೈ ತಿಂಗಳ ದರ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೇ ತಿಂಗಳದ್ದೋ ಸೆಪ್ಟೆಂಬರ್ ಕೊನೆಯದ್ದೋ ನೋಡಿದರೆ ಆಸೆಯಾಗುತ್ತದೆ. ಆಮೇಲೆ ನನಗೆ ಫೋನು ಬರುತ್ತದೆ: "ಟೀಚರೇ, ಚಳಿ ತಡ್ಕೊಳ್ಳಲಿಕ್ಕೆ ಆಗ್ತದಾ?"

ಆಗುತ್ತದೆ. ಉಣ್ಣೆಯ ಒಳಅಂಗಿ, ಅದರ ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ಮಳೆ ನುಗ್ಗದ ಟೊಪ್ಪಿ ಇರುವ ಜಾಕೆಟ್. ಚಳಿಯ ಕಥೆ ಅಲ್ಲಿಗೆ ಮುಗಿಯಿತು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಗಾಳಿ ಹೇಗಿರುತ್ತದೆ? ತೆರೆದ ಕಡಲಲ್ಲಿ ಎಷ್ಟು ಹೊತ್ತು ಹೋಗಬೇಕು? ಹಗಲು ಎಷ್ಟು ಗಂಟೆ? ಬಂದರು ತಪ್ಪಿದರೆ ದುಡ್ಡು ಯಾರದ್ದು ಹೋಗುತ್ತದೆ?

ನಾನು ಮತ್ತು ಇವರು ಮೇ ತಿಂಗಳಲ್ಲಿ ವ್ಯಾಂಕೂವರ್‌ನಿಂದ ಅಲಾಸ್ಕಾಕ್ಕೆ ಹೋಗಿದ್ದೇವೆ. ಸೆಪ್ಟೆಂಬರ್ ಕೊನೆಗೆ ಸಿಯಾಟಲ್‌ನಿಂದ ಅದೇ ಅಲಾಸ್ಕಾಕ್ಕೆ ಹೋಗಿದ್ದೇವೆ. ಮಾರ್ಚ್‌ನಲ್ಲಿ ನಾರ್ವೆಯ ಕರಾವಳಿಯುದ್ದಕ್ಕೂ ಹೋಗಿ ಬಂದಿದ್ದೇವೆ. ಮೂರರ ಹವೆಯೂ ಬೇರೆ, ಅಪಾಯವೂ ಬೇರೆ. ದರ ಮಾತ್ರ ನೋಡಿ ಒಂದನ್ನು ಆರಿಸಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಡಲಿಗೂ ತಿಂಗಳು ಇದೆ ಅನ್ನುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ಬೋಟುಗಳು ದಡದಲ್ಲೇ ಇರುತ್ತವೆ. ನಿಷೇಧ ಇರುವುದು ಮೀನಿನ ಸಂತತಿ ಉಳಿಯಲಿ ಅಂತ. ಆದರೆ ಆ ದಿನಗಳ ಕಡಲು ಹೇಗಿರುತ್ತದೆ ಅಂತ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲಾಸ್ಕಾ ಕಡಲಿಗೆ ಅಂಥ ತಿಂಗಳು ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಅಲ್ಯೂಷಿಯನ್ ದ್ವೀಪಗಳ ಬಳಿ ವಾಯುಭಾರ ಕುಸಿತ ಬಲವಾಗುತ್ತಾ ಹೋಗುತ್ತದೆ. ಒಂದರ ಹಿಂದೆ ಒಂದು ಮಳೆಗಾಳಿ ಅಲಾಸ್ಕಾ ಕೊಲ್ಲಿಗೆ ಬಂದು ಬೀಳುತ್ತದೆ. ಮೇ ಹೊತ್ತಿಗೆ ಅದರ ಆರ್ಭಟ ಇಳಿದಿರುತ್ತದೆ. ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ ವರ್ಷದ ಒಣ ತಿಂಗಳುಗಳಲ್ಲಿ ಮೇ ಒಂದು. ಜೂನೋ ಊರಿನಲ್ಲಿ ಸೆಪ್ಟೆಂಬರ್ ಮಳೆ ಮೇ ತಿಂಗಳಿನದಕ್ಕಿಂತ ಎರಡು ಪಟ್ಟು ಜಾಸ್ತಿ. ಉಷ್ಣತೆ ನೋಡಿದರೆ ಎರಡೂ ತಿಂಗಳು ಹೆಚ್ಚುಕಮ್ಮಿ ಒಂದೇ, ಹಗಲು 13 ಡಿಗ್ರಿ ಆಸುಪಾಸು. ಬುಕ್ ಮಾಡುವಾಗ ಬರೀ ಡಿಗ್ರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ ಅನ್ನುವುದು ಇದಕ್ಕೇ.

ಮೇ ತಿಂಗಳಲ್ಲಿ ನಮಗೆ ಸಿಕ್ಕಿದ್ದು ಉದ್ದ ಹಗಲು. ಜೂನೋದಲ್ಲಿ ಮೇ ಮಧ್ಯಕ್ಕೆ ಸುಮಾರು 17 ಗಂಟೆ ಬೆಳಕಿರುತ್ತದೆ. ರಾತ್ರಿ ಊಟ ಮುಗಿಸಿ ಡೆಕ್ಕಿಗೆ ಬಂದರೂ ಗುಡ್ಡಗಳ ಹಿಮ ಕಾಣುತ್ತಿತ್ತು. ಸ್ಕಾಗ್ವೇಯಿಂದ ವೈಟ್ ಪಾಸ್ ರೈಲು ಹತ್ತಿದೆವು. 1898ರಿಂದ 1900ರ ಒಳಗೆ, ಚಿನ್ನ ಹುಡುಕುವವರ ಕಾಲದಲ್ಲಿ ಹಾಕಿದ ಹಳಿ ಅದು. ಮೇಲೆ 2,865 ಅಡಿಯ ಕಣಿವೆ ತಲೆಗೆ ಮುಟ್ಟುವಾಗ ಎರಡೂ ಕಡೆ ಹಿಮ, ಕೆರೆ ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು. ಜುಲೈಯಲ್ಲಿ ಹೋದವರಿಗೆ ಇದು ಸಿಗುವುದಿಲ್ಲ.

ಮೇ ತಿಂಗಳ ತೊಂದರೆ ಗಾಳಿಯಲ್ಲಿಲ್ಲ, ಹಿಮಗಡ್ಡೆಯಲ್ಲಿದೆ. ಎಂಡಿಕಾಟ್ ಆರ್ಮ್ ಅನ್ನುವ ಇಕ್ಕಟ್ಟಾದ ಕೊಲ್ಲಿಯ ತುದಿಗೆ ಡಾಸ್ ಹಿಮನದಿ ಇದೆ. ಸೀಸನ್ ಶುರುವಿನಲ್ಲಿ ಮುರಿದು ಬಿದ್ದ ಗಡ್ಡೆಗಳು ದಾರಿ ತುಂಬ ಇರುತ್ತವೆ. ನಮ್ಮ ಹಡಗು ಹಿಮನದಿ ದೂರದಲ್ಲಿ ನೀಲಿಯಾಗಿ ಕಾಣುವಲ್ಲಿಗೆ ನಿಂತಿತು, ನಿಧಾನ ತಿರುಗಿತು. ಇವರಿಗೆ ತುಂಬಾ ಬೇಜಾರಾಯಿತು. ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ ನಾವು ಎಷ್ಟೋ ಹತ್ತಿರ ಹೋದೆವು. ಹಿಮನದಿಯ ಮುಖ ಹತ್ತಿರದಿಂದ ನೋಡುವುದೇ ನಿಮ್ಮ ಆಸೆಯಾದರೆ ಮೇ ಮೊದಲ ವಾರ ಬೇಡ.

ಸೆಪ್ಟೆಂಬರ್ ಪ್ರಯಾಣದಲ್ಲಿ ಒಳ್ಳೆಯದು ಹೇಳುವುದಾದರೆ ಹಿಮನದಿಯ ಜೊತೆ ಇನ್ನೂ ಎರಡಿದೆ. ಹೊಳೆಗಳಲ್ಲಿ ಸಾಲ್ಮನ್ ಮೀನು, ಅದನ್ನು ಹಿಡಿಯಲು ಬರುವ ಕರಡಿ. ರಾತ್ರಿ ನಿಜವಾಗಿ ಕತ್ತಲಾಗುವುದರಿಂದ ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಅರೋರಾ, ಕಾಣುವ ಅವಕಾಶವೂ ಇದೆ. ಆದರೆ ಮೋಡ ಬಿಡಬೇಕಲ್ಲ? ನಮಗೆ ಬಿಡಲಿಲ್ಲ. ಕೆಚಿಕಾನ್‌ನಲ್ಲಿ ವರ್ಷದ ಮಳೆ ಸುಮಾರು 3,500 ಮಿಲಿಮೀಟರ್ ದಾಟುತ್ತದೆ, ಅಂದರೆ ನಮ್ಮ ಕಾಸರಗೋಡಿನ ಲೆಕ್ಕಕ್ಕೇ ಬಂತು. ನಮ್ಮಲ್ಲಿ ಜೂನ್ ಜುಲೈಯಲ್ಲಿ ಹುಯ್ದು ಮುಗಿಸುತ್ತದೆ. ಅಲ್ಲಿ ವರ್ಷವಿಡೀ ಹಂಚಿಕೊಂಡು ಸುರಿಯುತ್ತದೆ. ಹಡಗುಕಟ್ಟೆಯ ಹತ್ತಿರವೇ ಮಳೆ ಅಳೆಯುವ ದೊಡ್ಡ ಫಲಕ ನಿಲ್ಲಿಸಿದ್ದಾರೆ, ಊರಿನವರಿಗೆ ಅದು ಹೆಮ್ಮೆ. ಅಲ್ಲಿಂದ ಉತ್ತರಕ್ಕೆ ಹೋದರೆ ಸ್ಕಾಗ್ವೇ. ಗುಡ್ಡಗಳ ಮರೆಯಲ್ಲಿರುವ ಆ ಊರಿಗೆ ಕೆಚಿಕಾನ್ ಮಳೆಯ ಐದರಲ್ಲಿ ಒಂದು ಪಾಲು ಸಿಕ್ಕಿದರೆ ಹೆಚ್ಚು. ಹಾಗಾಗಿ ಸೆಪ್ಟೆಂಬರ್‌ಗೇ ಹೋಗುವವರು ಸ್ಕಾಗ್ವೇಯಲ್ಲಿ ಇಡೀ ದಿನ ನಿಲ್ಲುವ ಹಡಗನ್ನು ಹುಡುಕಿ. ಅದೊಂದು ದಿನವಾದರೂ ಒಣಗಿ ಓಡಾಡಬಹುದು.

ಈಗ ದಾರಿಯ ವಿಷಯ. ಇದನ್ನು ಬುಕ್ ಮಾಡಿಸುವವರು ಹೇಳುವುದಿಲ್ಲ. ನಮಗೆ ಸಿಯಾಟಲ್ ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಕೂಡ ಹೇಳಲಿಲ್ಲ, ಈಗಲೂ ನನಗೆ ಆ ಸಿಟ್ಟಿದೆ. ವ್ಯಾಂಕೂವರ್‌ನಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪಕ್ಕೂ ನೆಲಕ್ಕೂ ನಡುವಿನ ಒಳದಾರಿಯಲ್ಲಿ ಹೋಗುತ್ತದೆ. ಎರಡೂ ಕಡೆ ಕಾಡು, ನಡುವೆ ಹೊಳೆಯಂಥ ನೀರು. ಕ್ವೀನ್ ಷಾರ್ಲಟ್ ಸೌಂಡ್‌ನಂಥ ಒಂದೆರಡು ಕಡೆ ಮಾತ್ರ ತೆರೆದ ಕಡಲು ಮುಟ್ಟುತ್ತದೆ. ಸಿಯಾಟಲ್‌ನಿಂದ ಹೊರಡುವ ಹೆಚ್ಚಿನ ಹಡಗುಗಳು ಅದೇ ದ್ವೀಪದ ಹೊರಗಿನಿಂದ, ಪೆಸಿಫಿಕ್ ಸಾಗರದಲ್ಲೇ ಹೋಗುತ್ತವೆ. ಜುಲೈಯಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ. ಸೆಪ್ಟೆಂಬರ್ ಕೊನೆಗೆ ಇದೇ ಎಲ್ಲ.

ಎರಡನೇ ದಿನ ಮಧ್ಯಾಹ್ನ ಹಡಗಿನವರು ಮೆಟ್ಟಿಲ ಕೈಹಿಡಿಗೆ, ಲಿಫ್ಟಿನ ಬಾಗಿಲ ಪಕ್ಕ ಸಣ್ಣ ಸಣ್ಣ ಕಾಗದದ ಚೀಲ ಸಿಕ್ಕಿಸುತ್ತಾ ಬಂದರು. ಹೊರಗಿನ ಡೆಕ್ಕಿನ ಬಾಗಿಲಿಗೆ ಹಗ್ಗ ಕಟ್ಟಿದರು. ಸಂಜೆಗೆ ಆ ಚೀಲ ಯಾಕೆ ಅಂತ ಎಲ್ಲರಿಗೂ ಗೊತ್ತಾಯಿತು. ಕ್ಯಾಬಿನ್ ಕಪಾಟಿನೊಳಗೆ ಹ್ಯಾಂಗರ್‌ಗಳು ರಾತ್ರಿಯಿಡೀ ಟಕ ಟಕ ಬಡಿದುಕೊಳ್ಳುತ್ತಿದ್ದವು. ಕೊನೆಗೆ ಇವರು ಎದ್ದು ಅವನ್ನೆಲ್ಲ ಟವಲಿನಲ್ಲಿ ಸುತ್ತಿ ಕಟ್ಟಿದರು. ಅಪಾಯ ಏನೂ ಇರಲಿಲ್ಲ, ಅಷ್ಟು ದೊಡ್ಡ ಹಡಗಿಗೆ ಅದು ದಿನನಿತ್ಯದ ಕೆಲಸ. ಆದರೆ ಅರುವತ್ತು ದಾಟಿದವರು ಆ ಓಲಾಟದಲ್ಲಿ ಬಚ್ಚಲಿಗೆ ಎದ್ದು ಹೋಗುವುದು ಇದೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಓಲಾಟ ಕಡಿಮೆ. ಮೇಲಿನ ಬಾಲ್ಕನಿ ಕ್ಯಾಬಿನ್‌ಗೆ ಜಾಸ್ತಿ ಕೊಡುವ ದುಡ್ಡು ಗಾಳಿಯ ತಿಂಗಳಲ್ಲಿ ಸುಮ್ನೆ ದಂಡ.

ಆ ಪ್ರಯಾಣದಲ್ಲಿ ಗಾಳಿಗೆ ಒಂದು ಬಂದರೂ ತಪ್ಪಿತು. ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು, ಅಷ್ಟೆ. ಟಿಕೆಟಿನ ಕರಾರಿನಲ್ಲೇ ಇದೆ: ಹವೆ ನೋಡಿ ದಾರಿ ಬದಲಿಸುವ ಹಕ್ಕು ಹಡಗಿನದು. ಸಾಮಾನ್ಯವಾಗಿ ವಾಪಸ್ ಬರುವುದು ಆ ಬಂದರಿನ ಶುಲ್ಕ ಮತ್ತು ಹಡಗಿನವರ ಮೂಲಕವೇ ಬುಕ್ ಮಾಡಿದ ಊರು ಸುತ್ತುವ ಟೂರಿನ ಹಣ. ಹೊರಗೆ ಕಡಿಮೆಗೆ ಸಿಗುತ್ತದೆ ಅಂತ ಬೇರೆಯವರಲ್ಲಿ ಮುಂಗಡ ಕೊಟ್ಟಿದ್ದರೆ ಅವರ ನಿಯಮ ಏನಿದೆಯೋ ಅದೇ. ಹಾಗಾಗಿ ಮೇ ತಿಂಗಳಲ್ಲಿ ಹೊರಗೆ ಬುಕ್ ಮಾಡುವ ಧೈರ್ಯ ಮಾಡಬಹುದು. ಸೆಪ್ಟೆಂಬರ್‌ನಲ್ಲಿ ಹಡಗಿನವರ ಟೂರನ್ನೇ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಹೆಲಿಕಾಪ್ಟರ್ ಟೂರ್ ಅಂತೂ ತಗ್ಗಿನ ಮೋಡ ಕಂಡರೆ ಯಾವ ತಿಂಗಳಲ್ಲೂ ರದ್ದಾಗುತ್ತದೆ. ಪಟ್ಟಿಯಲ್ಲಿ ಬಂದರಿನ ಹೆಸರಿನ ಮುಂದೆ ಟೆಂಡರ್ ಅಂತ ಬರೆದಿದ್ದರೆ ಹಡಗು ಕಟ್ಟೆಗೆ ಬರುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ ಅಂತ ಅರ್ಥ. ಅಲೆ ಎದ್ದರೆ ಮೊದಲು ತಪ್ಪುವುದು ಅಂಥ ಬಂದರು.

ನಾರ್ವೆ ಬೇರೆಯೇ ಲೋಕ. ಬರ್ಗನ್‌ನಿಂದ ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ವರೆಗೆ ಹೋಗಿ ಬರುವ ಈ ಕರಾವಳಿ ಹಡಗಿನ ಸೇವೆ 1893ರಲ್ಲಿ ಶುರುವಾಯಿತು. ಬಂದರು 34. ಊರಿನವರು ಒಂದು ಬಂದರಲ್ಲಿ ಹತ್ತಿ ಮುಂದಿನದರಲ್ಲಿ ಇಳಿಯುತ್ತಾರೆ, ಸಾಮಾನೂ ಹೋಗುತ್ತದೆ. ಒಂದು ಬಂದರು ತಪ್ಪಿದರೆ ಇನ್ನೊಂದು ಇದ್ದೇ ಇದೆ, ಹೋಗುವಾಗ ರಾತ್ರಿ ಕಂಡ ಊರು ಬರುವಾಗ ಹಗಲು ಸಿಗುತ್ತದೆ. ಬೆರ್ಲೆವೋಗ್ ಎಂಬ ಬಂದರನ್ನು ಗಾಳಿಗೆ ಬಿಟ್ಟು ಹೋದಾಗ ನಮಗೆ ಬೇಸರವೇ ಆಗಲಿಲ್ಲ. ಅಲಾಸ್ಕಾದಲ್ಲಿ ಇರುವ ಮೂರು ನಾಲ್ಕು ಬಂದರಿನಲ್ಲಿ ಒಂದು ಹೋದರೆ ಕಾಲು ಭಾಗ ಪ್ರಯಾಣವೇ ಹೋದ ಹಾಗೆ.

ಆದರೆ ಮಾರ್ಚ್ ಕಡಲು ಸಾಧುವಲ್ಲ. ಹೆಚ್ಚಿನ ದಾರಿ ದ್ವೀಪಗಳ ಮರೆಯಲ್ಲಿದ್ದರೂ ಸ್ಟಾಡ್, ಹುಸ್ಟಾಡ್‌ವಿಕಾ, ಬೋಡೋ ದಾಟಿದ ಮೇಲಿನ ವೆಸ್ಟ್‌ಫ್ಯೋರ್ಡ್, ಮೇಲೆ ಫಿನ್‌ಮಾರ್ಕ್ ಕರಾವಳಿ, ಇವೆಲ್ಲ ಬಯಲು ಕಡಲು. 2019ರ ಮಾರ್ಚ್ 23ರಂದು ವೈಕಿಂಗ್ ಸ್ಕೈ ಎಂಬ ಕ್ರೂಸ್ ಹಡಗು ಹುಸ್ಟಾಡ್‌ವಿಕಾದಲ್ಲೇ ಬಿರುಗಾಳಿಯ ನಡುವೆ ಎಂಜಿನ್ ನಿಂತು ಬಂಡೆಗಳ ಹತ್ತಿರ ತೇಲಿತ್ತು. ಹಡಗಿನಲ್ಲಿ 1,373 ಜನ. 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು. ಯಾರೂ ಸಾಯಲಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಮಾರ್ಚ್‌ನಲ್ಲಿ ಅಲ್ಲಿ ಬುಕ್ ಮಾಡುವವರಿಗೆ ಇದು ಗೊತ್ತಿರಬೇಕು, ಅಷ್ಟೆ.

ಅಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಕಡಲಲ್ಲ, ಬೀದಿ. ಟ್ರೋಮ್ಸೋ ಊರಿನ ರಸ್ತೆಯಂಚಿನಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಾಗಿರುತ್ತದೆ. ಆಟಿ ತಿಂಗಳಲ್ಲಿ ಪಾಚಿ ಹಿಡಿದ ನಮ್ಮ ಅಂಗಳದ ಹಾಗೆ, ಆದರೆ ಕಾಲೂರಲು ಕಲ್ಲಿನ ಒರಟೂ ಇಲ್ಲ. ಬೂಟಿಗೆ ಕೆಳಗಿನಿಂದ ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಇಳಿದ ಕೂಡಲೇ ಅದನ್ನು ಕೊಳ್ಳಿ. ಅಂಗಡಿ ಒಳಗೆ ಹೋಗುವಾಗ ಬಿಚ್ಚಿ, ನುಣುಪು ನೆಲದಲ್ಲಿ ಅದೇ ಜಾರುತ್ತದೆ. ಕೊಡೆ ಮಾತ್ರ ಒಯ್ಯಬೇಡಿ, ಆ ಗಾಳಿಗೆ ಅದರ ಕಡ್ಡಿಯೂ ಉಳಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ಮಾರ್ಚ್‌ಗೆ ಹೋದದ್ದು ಬೆಳಕಿಗಾಗಿ. ಮಾರ್ಚ್ ಮೂರನೇ ವಾರಕ್ಕೆ ಹಗಲು ರಾತ್ರಿ ಸಮ. ಹಗಲು ಊರು ನೋಡಬಹುದು, ರಾತ್ರಿ ಆಕಾಶ. ವರ್ಷದಲ್ಲಿ ಈ ಸಮರಾತ್ರಿಗಳ ಆಸುಪಾಸಿನಲ್ಲಿ ಉತ್ತರದ ಬೆಳಕು ಹೆಚ್ಚು ಚುರುಕು. ಹಡಗು ಚಲಿಸುತ್ತಲೇ ಇರುವುದರಿಂದ ಒಂದು ಕಡೆ ಮೋಡ ಇದ್ದರೂ ಮುಂದೆ ಎಲ್ಲೋ ಬಿಟ್ಟಿರುತ್ತದೆ, ಒಂದೇ ಊರಿನ ಹೋಟೆಲಿನಲ್ಲಿ ಕಾಯುವವರಿಗೆ ಈ ಅನುಕೂಲ ಇಲ್ಲ. ಬೆಳಕು ಕಂಡರೆ ಕ್ಯಾಬಿನ್‌ನ ಸ್ಪೀಕರ್‌ನಲ್ಲಿ ಕರೆಯುತ್ತಾರೆ, ಅದರ ಗುಂಡಿ ಆನ್ ಮಾಡಿ ಮಲಗಬೇಕು. ನಮ್ಮನ್ನು ಕರೆದಾಗ ಇವರು ಮಫ್ಲರ್ ಸುತ್ತಿಕೊಳ್ಳುತ್ತಲೇ ಓಡಿದರು. ಹಸಿರು ಪರದೆ ಆಕಾಶದ ಒಂದು ತುದಿಯಿಂದ ಇನ್ನೊಂದಕ್ಕೆ ಮಡಚಿ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೋಸ್ಕರ ಹತ್ತು ಬಂದರು ತಪ್ಪಿದರೂ ನನಗೆ ಪರವಾಗಿಲ್ಲ. ಉತ್ತರ ಭೂಶಿರಕ್ಕೆ, ಅಂದರೆ ನಾರ್ಡ್‌ಕಾಪ್‌ಗೆ ಹೋಗುವ ಬಸ್ಸು ಚಳಿಗಾಲದಲ್ಲಿ ಕೊನೆಯ ದಾರಿಯನ್ನು ಹಿಮ ತಳ್ಳುವ ಗಾಡಿಯ ಹಿಂದೆ ಸಾಲಾಗಿಯೇ ಹೋಗಬೇಕು. ಗಾಳಿ ಜಾಸ್ತಿಯಾದರೆ ದಾರಿ ಮುಚ್ಚುತ್ತಾರೆ. ಅದನ್ನೇ ನಂಬಿ ಹೋಗಬೇಡಿ.

ನಮ್ಮವರಿಗೆ ಇನ್ನೊಂದು ಲೆಕ್ಕವೂ ಇದೆ, ಅಡಿಕೆ ತೋಟದ್ದು. ಮಾರ್ಚ್ ಮತ್ತು ಮೇ ಎರಡರಲ್ಲೂ ತೋಟಕ್ಕೆ ನೀರು ಬಿಡಬೇಕು. ಮೇ ಹೊತ್ತಿಗೆ ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು ಸಣ್ಣ ಧಾರೆಯಾಗಿರುತ್ತದೆ, ನಂಬಿಕೆಯ ಜನ ಮನೆಯಲ್ಲಿ ಇಲ್ಲದಿದ್ದರೆ ಆಗುವುದಿಲ್ಲ. ಮೇ ಕೊನೆಗಾದರೂ ವಾಪಸ್ ಮುಟ್ಟಬೇಕು, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮೊದಲ ಮದ್ದು ಬಿಡಬೇಕಲ್ಲ. ತೋಟದ ಮಟ್ಟಿಗೆ ಸೆಪ್ಟೆಂಬರ್ ಕೊನೆ ಸುಖ: ಎರಡನೇ ಮದ್ದೂ ಮುಗಿದಿರುತ್ತದೆ, ನೀರಿನ ಚಿಂತೆ ಇಲ್ಲ, ಕೊಯ್ಲು ಇನ್ನೂ ದೂರ. ಇವರು ಇವತ್ತಿಗೂ ಸೆಪ್ಟೆಂಬರ್ ಪರ ಮಾತಾಡುವುದು ಇದೇ ಕಾರಣಕ್ಕೆ. ನಾನು ಒಪ್ಪುವುದಿಲ್ಲ. ಸೆಪ್ಟೆಂಬರೇ ಬೇಕಾದರೆ ಮೊದಲ ವಾರ ಹೋಗಿ, ವ್ಯಾಂಕೂವರ್‌ನಿಂದಲೇ ಹೋಗಿ. ಸಿಯಾಟಲ್ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ, ಹಾಗಾಗಿ ಯಾವ ಕಡೆಯಿಂದ ಹೊರಟರೂ ನಮ್ಮ ಪಾಸ್‌ಪೋರ್ಟಿಗೆ ಅಮೆರಿಕ, ಕೆನಡಾ ಎರಡರ ವೀಸಾವೂ ಬೇಕು.

ಕಳೆದ ವಾರ ನಮ್ಮ ಭಾವ ಕೇಳಿದರು, ಅವರಿಗೂ ಅಕ್ಕನಿಗೂ ಎಪ್ಪತ್ತು ದಾಟಿದೆ, ಅಕ್ಕನ ಮೊಣಕಾಲು ನೋವು ಬೇರೆ. ಮೇ ಎರಡನೇ ವಾರದ ನಂತರ, ವ್ಯಾಂಕೂವರ್‌ನಿಂದ, ನಡುಭಾಗದ ಕೆಳ ಡೆಕ್ಕಿನ ಕ್ಯಾಬಿನ್ ಅಂತ ಹೇಳಿದೆ. ಮಂಗಳೂರಿನಿಂದ ಹೊರಡುವ ವಿಮಾನ ಹಡಗಿನ ಹಿಂದಿನ ದಿನವಲ್ಲ, ಅದಕ್ಕೂ ಹಿಂದಿನ ದಿನವೇ ಅಲ್ಲಿ ಮುಟ್ಟುವ ಹಾಗಿರಲಿ ಅಂದೆ. ವಿಮೆ ಮಾಡುವಾಗ ಆಸ್ಪತ್ರೆ ಖರ್ಚಿನ ಮೊತ್ತ ಮಾತ್ರ ನೋಡಬೇಡಿ, ಕಡಲಿನಿಂದ ಎತ್ತಿ ಒಯ್ಯುವ ಖರ್ಚು ಸೇರಿದೆಯಾ, ಹವೆಗೆ ಬಂದರು ತಪ್ಪಿದರೆ ಏನಾದರೂ ಕೊಡುತ್ತಾರಾ ಅಂತ ಎರಡು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ ಅಂತಲೂ ಹೇಳಿದೆ. ನಾರ್ವೆಗೆ ಹೋಗುವವರಿಗೆ ಷೆಂಗೆನ್ ವೀಸಾಕ್ಕಾಗಿ 30,000 ಯೂರೋ ವಿಮೆ ಕಡ್ಡಾಯ, ಆದರೆ ಅದು ಚಿಕಿತ್ಸೆಗೆ. ಬಂದರು ತಪ್ಪಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಾವ ಎರಡು ಕಂಪೆನಿಗೆ ಇಮೇಲ್ ಕಳಿಸಿದ್ದಾರೆ. ಉತ್ತರ ಬಂದ ಮೇಲೆಯೇ ಮುಂಗಡ ಕಟ್ಟುತ್ತಾರಂತೆ.