ದುರ್ಗಿಗುಡಿ ಕಡೆ ಬಾಡಿಗೆ ಮನೆ ನೋಡುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಓದಿ

ಶಿವಮೊಗ್ಗದಲ್ಲಿ ಗಾಡಿ ಇಲ್ಲದೆ ಬದುಕು ನಡೆಸಬೇಕಾದರೆ ದುರ್ಗಿಗುಡಿ, ತಿಲಕ್ ನಗರ, ನೆಹರು ರಸ್ತೆಯ ಆಸುಪಾಸೇ ಅನುಕೂಲ. ಬಸ್ ಸ್ಟ್ಯಾಂಡ್, ಗಾಂಧಿ ಬಜಾರ್, ಮೆಗ್ಗಾನ್ ಆಸ್ಪತ್ರೆಗೆಲ್ಲ ನಡೆದೇ ಹೋಗಬಹುದು. ಹಾಗಾಗಿಯೇ ಇಲ್ಲಿ ಮನೆ ಖಾಲಿ ಬಿದ್ದರೆ ಬ್ರೋಕರ್ "ಸಂಜೆಯೊಳಗೆ ಹೇಳಿಬಿಡಿ, ಇನ್ನೊಂದು ಪಾರ್ಟಿ ಕಾಯ್ತಾ ಇದೆ" ಅನ್ನುತ್ತಾನೆ. ಆ ಅವಸರದಲ್ಲಿ ಅಡ್ವಾನ್ಸ್ ಕೊಟ್ಟ ಒಂದು ಸಂಸಾರಕ್ಕೆ ಆದದ್ದಿದು: ಏಪ್ರಿಲ್‌ನಲ್ಲಿ ನೋಡಿದಾಗ ಹೊಸ ಬಣ್ಣ ಬಳಿದು ಲಕಲಕ ಅನ್ನುತ್ತಿದ್ದ ಕೆಳಗಿನ ಪೋರ್ಷನ್; ಜುಲೈ ಹೊತ್ತಿಗೆ ಕಪಾಟಿನ ಬಟ್ಟೆಗೆಲ್ಲ ಬೂಷ್ಟು, ಬಚ್ಚಲಿನಿಂದ ಗಲೀಜು ನೀರು ಒಳಗೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ, "ನೀವೇ ಗೋಡೆ ಹಾಳು ಮಾಡಿದ್ದು" ಅಂತ ಗಾರೆ ಕೆಲಸದ ಖರ್ಚು, ಎರಡನ್ನೂ ಓನರ್ ಅಡ್ವಾನ್ಸಿನಲ್ಲೇ ಮುರಿದುಕೊಂಡರು.

ಬೇಸಿಗೆಯಲ್ಲಿ ಹೊಸ ಬಣ್ಣದ ವಾಸನೆ ಬಂತೆಂದರೆ ಮಲೆನಾಡಿನವರು ಖುಷಿಪಡಬಾರದು, ಅನುಮಾನಪಡಬೇಕು. ನಮ್ಮ ಮುಂಗಾರು ನೈರುತ್ಯದಿಂದ ಬಡಿಯುತ್ತದೆ, ಇರಚಲೆಲ್ಲ ಪಡುವಣ ಮತ್ತು ತೆಂಕಣ ಗೋಡೆಗೆ. ಹಳ್ಳಿಮನೆಗಳಲ್ಲಿ ಆ ಕಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಪೇಟೆಯ ಬಾಡಿಗೆ ಮನೆಗೆ ಸೋಗೆಯೂ ಇಲ್ಲ, ಎಷ್ಟೋ ಕಡೆ ಸರಿಯಾದ ಸಜ್ಜವೂ ಇಲ್ಲ. ಆ ಎರಡು ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಇಟ್ಟಿಗೆ ಬಿಟ್ಟಿದೆ ಎಂದರ್ಥ. ಕಪಾಟಿನ ಬಾಗಿಲು ತೆಗೆದು ಹಿಂಬದಿಯ ಮೂಲೆಗೆ ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿಯಿರಿ, ನೇರ ಬೆಳಕಿಗೆ ಕಾಣದ ಉಬ್ಬು, ಬಿಳಿ ಪುಡಿ ಎಲ್ಲ ಕಾಣುತ್ತದೆ. ಪೇಂಟರ್ ಕಪಾಟಿನ ಒಳಗೆ ಕೈ ಹಾಕಿರುವುದು ಕಡಿಮೆ, ಹಾಗಾಗಿ ಗೋಡೆಯ ನಿಜಸ್ಥಿತಿ ಅಲ್ಲೇ ಸಿಗುವುದು.

ಕಲೆ ಎಲ್ಲಿದೆ ಎನ್ನುವುದರಿಂದ ಕಾರಣವೂ ಗೊತ್ತಾಗುತ್ತದೆ. ನೆಲದಿಂದ ಮೂರು ಅಡಿಯೊಳಗೆ ಪಟ್ಟಿಯಂತೆ ಹಬ್ಬಿದ್ದರೆ ತೇವ ಪಾಯದಿಂದ ಏರುತ್ತಿದೆ, ಬಣ್ಣ ಎಷ್ಟು ಸಲ ಬಳಿದರೂ ಹೋಗದು. ಕಿಟಕಿ ಕೆಳಗಿದ್ದರೆ ಸಜ್ಜ ಅಥವಾ ಚೌಕಟ್ಟಿನ ಸಂದಿನ ದೋಷ, ಅದಕ್ಕೆ ರಿಪೇರಿ ಇದೆ. ತಲೆ ಮೇಲಿನ ತಾರಸಿಯಲ್ಲಿ ಏಪ್ರಿಲ್‌ನಲ್ಲೂ ಹಸಿ ಕಲೆ ಇದ್ದರೆ ಅದು ಹೆಚ್ಚಾಗಿ ಮಳೆಯದ್ದಲ್ಲ, ಮೇಲಿನ ಮನೆಯ ಬಚ್ಚಲು ಸೋರುತ್ತಿರುತ್ತದೆ. ಅಂಥದ್ದು ಸರಿಯಾಗಬೇಕಾದರೆ ಮೇಲಿನವರ ಟೈಲ್ಸ್ ಕೀಳಬೇಕು, ಅವರು ಒಪ್ಪುವುದು ಕಷ್ಟ. ಆ ಮನೆ ಬಿಟ್ಟುಬಿಡಿ.

ಎರಡನೇ ಕಾಟ ಚರಂಡಿಯದು. ಈ ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಕನ್ಸರ್ವೆನ್ಸಿ, ಅಂದರೆ ಚರಂಡಿ ಹಾದುಹೋಗುವ ಕಿರುಓಣಿ, ಇರುತ್ತದೆ. ತಾರಸಿ ನೀರಿನ ಪೈಪನ್ನು ಯುಜಿಡಿ (ಒಳಚರಂಡಿ) ಛೇಂಬರಿಗೇ ಕೊಟ್ಟಿದ್ದರೆ ಜೋರು ಮಳೆಗೆ ಛೇಂಬರ್ ತುಂಬಿ, ಕೆಳಮನೆಯ ಬಚ್ಚಲ ಟ್ರ್ಯಾಪ್‌ನಿಂದ (ನೀರು ಹೋಗುವ ಬಾಯಿ) ನೀರು ವಾಪಸ್ ಉಕ್ಕುತ್ತದೆ. ಹಿಂದೆ ಹೋಗಿ ಆ ಪೈಪ್ ಎಲ್ಲಿ ಇಳಿಯುತ್ತದೆ ನೋಡಿ. ಬಚ್ಚಲಿಗೆ ಎರಡು ಬಕೆಟ್ ನೀರು ಒಟ್ಟಿಗೆ ಸುರಿದು, ಅದೇ ಹೊತ್ತಿಗೆ ಫ್ಲಶ್ ಮಾಡಿಸಿ. ಟ್ರ್ಯಾಪ್ ಗುಳುಗುಳು ಅಂದರೆ ಬೇಸಿಗೆಯಲ್ಲೇ ಲೈನ್ ಕಟ್ಟಿದೆ. ಸಂಪಿನ ಬಾಯಿ ಅಂಗಳದ ಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಬೇಕು, ಇಲ್ಲವಾದರೆ ಅಂಗಳದ ನೀರೆಲ್ಲ ಅದರೊಳಗೆ. ಬಾಡಿಗೆ ಕಡಿಮೆ ಅಂತ ತುಂಗೆಯ ದಡದತ್ತ, ಇಮಾಮ್‌ಬಾಡಾ, ಸೀಗೆಹಟ್ಟಿ ಕಡೆ ಹೋಗುವವರು ಗಾಜನೂರು ಡ್ಯಾಂನಿಂದ ನೀರು ಬಿಟ್ಟಾಗ ಆ ಓಣಿಗೆ ಎಲ್ಲಿಯವರೆಗೆ ಬರುತ್ತದೆಂದು ಅಕ್ಕಪಕ್ಕದವರನ್ನೇ ಕೇಳಬೇಕು. ಬ್ರೋಕರ್ ಹೇಳುವುದಿಲ್ಲ.

ಕರೆಂಟ್ ಮೀಟರ್ ಪ್ರತ್ಯೇಕ ಇದೆಯೇ? ಎರಡು ಪೋರ್ಷನ್ನಿಗೆ ಒಂದೇ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಇದ್ದರೆ ಇಬ್ಬರ ಯೂನಿಟ್ಟೂ ಕೂಡಿ 200 ದಾಟಬಹುದು, ಆಗ ಗೃಹಜ್ಯೋತಿಯ ಉಚಿತ ಕರೆಂಟ್ ತಪ್ಪಿ ಪೂರ್ತಿ ಬಿಲ್ ಕಟ್ಟಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಆ ನಂಬರಿಗೆ ಜೋಡಣೆಯಾಗಿದ್ದರೆ ತೆಗೆಸಿಕೊಡಲು ಓನರ್‌ಗೆ ಮೊದಲೇ ಹೇಳಿ.

ಕರಾರಿನ ಮಾತು. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ ಸಹಜ ಸವೆತ ಬಾಡಿಗೆದಾರನ ತಲೆಗೆ ಬರುವುದಿಲ್ಲ. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಕರಾರಿನ ಮಾತೇ ನಡೆಯುತ್ತದೆ, ಓನರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ "ಪೇಂಟಿಂಗ್ ಖರ್ಚು ಕಳೆದು" ಎಂಬ ಸಾಲು ಕಂಡರೆ ಮೊತ್ತ ಅಂಕಿಯಲ್ಲಿ ಬರೆಸಿ, ಜೊತೆಗೆ "ಮಳೆ ತೇವ, ಸೋರಿಕೆಯಿಂದಾದ ಹಾನಿಗೆ ಬಾಡಿಗೆದಾರರು ಹೊಣೆಯಲ್ಲ" ಎಂದು ಸೇರಿಸಿ. ಈ ಸಾಲಿಗೆ ಒಪ್ಪದ ಓನರ್‌ಗೆ ತನ್ನ ಗೋಡೆಯ ಕಥೆ ಗೊತ್ತಿದೆ ಎಂದೇ ತಿಳಿಯಿರಿ.

ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಡುವವರು ಇನ್ನೂ ಹುಷಾರಾಗಿರಬೇಕು. ಋಣಭಾರ ಪತ್ರ ತೆಗೆಸಿ, ಮೂಲಪತ್ರಗಳನ್ನು ಕಣ್ಣಾರೆ ನೋಡಿ. "ಪತ್ರ ಬ್ಯಾಂಕಿನಲ್ಲಿದೆ" ಎಂದರೆ ಮನೆ ಸಾಲದಲ್ಲಿದೆ; ಸಾಲ ಕಟ್ಟದಿದ್ದರೆ ಬ್ಯಾಂಕ್ ಮನೆ ಹರಾಜಿಗಿಡುತ್ತದೆ, ನಿಮ್ಮ ದುಡ್ಡಿಗೆ ಓನರ್ ಹಿಂದೆ ಅಲೆಯುವುದೇ ಗತಿ. ಒಂದು ವರ್ಷ ಮೀರಿದ ಭೋಗ್ಯಕ್ಕೆ ನೋಂದಣಿ ಕಡ್ಡಾಯ, ಛಾಪಾ ಕಾಗದದ ಮೇಲಿನ ಸಹಿಯಷ್ಟೇ ಸಾಲದು.

ಕೀಲಿ ಸಿಕ್ಕ ದಿನ, ಸಾಮಾನು ಇಳಿಸುವ ಮೊದಲೇ ಪ್ರತಿ ಗೋಡೆ, ಕಪಾಟಿನ ಒಳಗು, ಮೀಟರ್ ರೀಡಿಂಗ್ ಎಲ್ಲವನ್ನೂ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ. ಮಳೆಗಾಲದಲ್ಲಿ ತೇವ ಕಂಡ ದಿನವೇ ಫೋಟೋ ಹಾಕಿ ರಿಪೇರಿ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಅಡ್ವಾನ್ಸ್ ನಗದಾಗಿ ಕೊಡಬೇಡಿ, ಕರಾರಿನಲ್ಲಿ ಹೆಸರಿರುವವರ ಖಾತೆಗೇ ಹಾಕಿ, ಬ್ರೋಕರ್ ಖಾತೆಗೆ ಬೇಡ. ಖಾಲಿ ಮಾಡುವಾಗ ಕೀಲಿ ಮತ್ತು ಅಡ್ವಾನ್ಸ್ ಒಂದೇ ಹೊತ್ತಿಗೆ ಕೈ ಬದಲಾಗಬೇಕೆಂಬ ಸಾಲೂ ಕರಾರಿನಲ್ಲಿರಲಿ. "ಹೊಸಬರು ಬಂದ ಮೇಲೆ ಕೊಡ್ತೀನಿ" ಎಂದರೆ ಕೀಲಿ ನಿಮ್ಮ ಹತ್ತಿರವೇ ಇರಲಿ.